ಏಪ್ರಿಲ್‌ನಲ್ಲಿ ಕೈಕೊಟ್ಟ ಯೀಸ್ಟ್: ಕಲಬುರಗಿಯ ಲ್ಯಾಬೊಂದರ ಪ್ರಕರಣ

ಸಮಸ್ಯೆ ಇಷ್ಟು. ಮನುಷ್ಯನ ಮೈಟೊಕಾಂಡ್ರಿಯಾದಲ್ಲಿ, ಅಂದರೆ ಜೀವಕೋಶದೊಳಗೆ ಉಸಿರಾಟ ನಡೆಯುವ ಪುಟ್ಟ ಕೋಣೆಯಲ್ಲಿ, ಇರುವ ಒಂದು ಕಿಣ್ವವನ್ನು ಯೀಸ್ಟ್ ಕೈಲಿ ಮಾಡಿಸಬೇಕಿತ್ತು. ಜನವರಿಯಲ್ಲಿ ಚೆನ್ನಾಗಿ ಬಂತು. ಏಪ್ರಿಲ್‌ನಲ್ಲಿ ಅದೇ ಯೀಸ್ಟ್, ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ ಅಂದರೆ ಪ್ಲಾಸ್ಮಿಡ್ ಅದೇ, ಅದೇ ಮೀಡಿಯಾ, ಮಾಡುವ ಕೈಯೂ ಅದೇ, ಆದರೆ ಕಿಣ್ವ ಕೆಲಸ ಮಾಡುತ್ತಿಲ್ಲ. ಕಲಬುರಗಿಯ ಒಂದು ಕಾಲೇಜಿನ ಎಂಎಸ್ಸಿ ಪ್ರಾಜೆಕ್ಟ್ ಇದು. ಹುಡುಗಿ ಶಹಾಪುರದ ಕಡೆಯವಳು. ಅವಳ ಗೈಡ್ ನನಗೆ ಹಳೇ ಪರಿಚಯ, ಅವರು ಜೆಲ್ ಫೋಟೋಗಳನ್ನು ಕಳಿಸಿದ್ದರಿಂದ ನಾನು ಇದರೊಳಗೆ ಬಿದ್ದೆ. ಹೆಸರುಗಳು ಬೇಡ, ಪ್ರಕರಣ ಮಾತ್ರ ಪೂರ್ತಿ ಬರೆಯುತ್ತೇನೆ. ಯಾಕಂದ್ರೆ ಬಯಲುಸೀಮೆಯಲ್ಲಿ ಯೀಸ್ಟ್ ಬೆಳೆಸುವ ಯಾರಿಗೆ ಬೇಕಾದರೂ ಇದು ಆಗಬಹುದು.

ಕಿಣ್ವದ ಹೆಸರು ಆರ್ನಿಥಿನ್ ಟ್ರಾನ್ಸ್‌ಕಾರ್ಬಮೈಲೇಸ್, ಲ್ಯಾಬ್‌ನಲ್ಲಿ ಓಟಿಸಿ ಅಂತಾರೆ. ಲಿವರ್‌ನಲ್ಲಿ ಅಮೋನಿಯಾವನ್ನು ಯೂರಿಯಾ ಮಾಡುವ ಸರಣಿಯಲ್ಲಿ ಇದರದ್ದು ಎರಡನೇ ಹೆಜ್ಜೆ. ಆರ್ನಿಥಿನ್ ಮತ್ತು ಕಾರ್ಬಮೈಲ್ ಫಾಸ್ಫೇಟ್ ತೆಗೆದುಕೊಂಡು ಸಿಟ್ರುಲಿನ್ ಮಾಡುತ್ತದೆ. ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ, ಹಾಗಾಗಿ ಕೊರತೆ ಇದ್ದರೆ ಗಂಡುಮಕ್ಕಳಿಗೆ ಪೆಟ್ಟು ಜಾಸ್ತಿ. ಹುಟ್ಟಿದ ಕೆಲವೇ ದಿನಕ್ಕೆ ಮಗು ಹಾಲು ಬಿಡುತ್ತದೆ, ಮಂಪರಾಗುತ್ತದೆ, ರಕ್ತದಲ್ಲಿ ಅಮೋನಿಯಾ ಏರಿರುತ್ತದೆ. ಪ್ರಾಜೆಕ್ಟ್‌ನ ಗುರಿ ಸರಳ: ಸರಿಯಾದ ಓಟಿಸಿ ಒಂದು, ರೋಗಿಗಳಲ್ಲಿ ಕಂಡ ಕೆಟ್ಟ ಓಟಿಸಿ ಒಂದು, ಎರಡನ್ನೂ ಯೀಸ್ಟ್‌ನಲ್ಲಿ ಮಾಡಿಸಿ ಹೋಲಿಸುವುದು. ಕೆಟ್ಟದ್ದಕ್ಕೆ ಆರಿಸಿದ್ದು 141ನೇ ಜಾಗದ ಆರ್ಜಿನಿನ್ ಅನ್ನುವ ಅಮೈನೊ ಆಮ್ಲ ಹೋಗಿ ಗ್ಲುಟಮಿನ್ ಬಂದಿರುವ ರೂಪ. ಅದರಲ್ಲಿ ಪ್ರೋಟೀನ್ ಇರುತ್ತದೆ, ಕೆಲಸ ಇರುವುದಿಲ್ಲ.

ಯೀಸ್ಟೇ ಯಾಕೆ ಅಂತ ಕೇಳಬಹುದು. ಇ. ಕೋಲೈನಲ್ಲಿ ಮೈಟೊಕಾಂಡ್ರಿಯಾನೇ ಇಲ್ಲ. ಮನುಷ್ಯನ ಜೀವಕೋಶ ಬೆಳೆಸಲು ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್ ಬೇಕು, ಸೀರಮ್ ಬೇಕು, ದುಡ್ಡು ಬೇಕು. ಯೀಸ್ಟ್‌ಗೆ ಸಕ್ಕರೆ ಸಾಕು. ಇನ್ನೊಂದು ಅನುಕೂಲ, ಉಸಿರಾಟ ನಿಂತರೂ ಅದು ಸಕ್ಕರೆ ಹುಳಿಸಿಕೊಂಡು ಬದುಕುತ್ತದೆ. ಈ ಗುಣವೇ ಮುಂದೆ ಎಲ್ಲರ ಕಣ್ಣಿಗೆ ಮಣ್ಣೆರಚಿತು.

ಓಟಿಸಿ ಆರಿಸಿದ್ದರ ಹಿಂದೆ ಒಂದು ಇತಿಹಾಸವೂ ಇದೆ. 1980ರ ದಶಕದಲ್ಲಿ ಯೇಲ್‌ನಲ್ಲಿ ಆರ್ಥರ್ ಹಾರ್ವಿಚ್ ಅವರ ಗುಂಪು ಮಾಡಿದ್ದೂ ಇದೇ, ಮನುಷ್ಯನ ಓಟಿಸಿಯನ್ನು ಯೀಸ್ಟ್‌ಗೆ ಹಾಕಿತು. ಯೀಸ್ಟ್ ಅದನ್ನು ತನ್ನದೇ ಪ್ರೋಟೀನ್ ಅನ್ನುವಂತೆ ಮೈಟೊಕಾಂಡ್ರಿಯಾದೊಳಗೆ ಎಳೆದುಕೊಂಡಿತು. ಆಮೇಲೆ ಅವರು ಬಿಸಿಗೆ ಕೆಡುವ ಯೀಸ್ಟ್ ತಳಿಗಳನ್ನು ಜಾಲಾಡಿದರು. ಒಂದು ತಳಿಯಲ್ಲಿ ಓಟಿಸಿ ಒಳಗೆ ಹೋಗುತ್ತಿತ್ತು, ಒಳಗೆ ಹೋಗಲು ದಾರಿ ತೋರಿಸುವ ಮುಂದುಗಡೆಯ ಲೀಡರ್ ತುಂಡೂ ಕತ್ತರಿಸಿ ಬೀಳುತ್ತಿತ್ತು, ಆದರೂ ಕಿಣ್ವ ಕೆಲಸ ಮಾಡುತ್ತಿರಲಿಲ್ಲ. ಮೂರು ಓಟಿಸಿ ಪ್ರೋಟೀನ್ ಸೇರಿ ಒಂದು ಕಿಣ್ವ ಆಗಬೇಕಾದದ್ದು ಸೇರುತ್ತಲೇ ಇರಲಿಲ್ಲ. ಅದರಲ್ಲಿ ಕೆಟ್ಟಿದ್ದು ಹೆಚ್‌ಎಸ್‌ಪಿ60 ಅನ್ನುವ ಪ್ರೋಟೀನ್, ಬೇರೆ ಪ್ರೋಟೀನ್‌ಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುವಂಥದ್ದು. ಜರ್ಮನಿಯ ಉಲ್ರಿಚ್ ಹಾರ್ಟ್ಲ್ ಜೊತೆಗೂಡಿ 1989ರಲ್ಲಿ ಅದನ್ನು ಪ್ರಕಟಿಸಿದರು, 2011ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಅಂದರೆ ಇದೇನು ಚಿಕ್ಕ ಪ್ರಯೋಗ ಅಲ್ಲ.

ಈ ಕಥೆಯಿಂದ ಸಿಗುವ ಉಪಯೋಗದ ವಿಷಯ ಬೇರೆ. ಓಟಿಸಿ ಮೂರು ಕಡೆ ಸಿಕ್ಕಿಹಾಕಿಕೊಳ್ಳಬಹುದು: ಒಳಗೆ ಹೋಗುವಾಗ, ಕತ್ತರಿಸುವಾಗ, ಮಡಚಿ ಜೋಡಣೆಯಾಗುವಾಗ. ಎಲ್ಲಿ ಸಿಕ್ಕಿದೆ ಅನ್ನುವುದನ್ನು ಬ್ಯಾಂಡ್, ಅಂದರೆ ತೂಕಕ್ಕೆ ತಕ್ಕಂತೆ ನಿಲ್ಲುವ ಪ್ರೋಟೀನ್ ಗೆರೆ, ಎಲ್ಲಿದೆ ಅಂತ ನೋಡಿ, ಕಿಣ್ವದ ಕೆಲಸ ಅಳೆದು, ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಬಹುದು. ಓಟಿಸಿ ಹುಟ್ಟುವಾಗ 354 ಅಮೈನೊ ಆಮ್ಲ, ತೂಕ ಸುಮಾರು 40 ಕಿಲೋಡಾಲ್ಟನ್. ಮೊದಲ 32 ಲೀಡರ್. ಅದರಲ್ಲಿ ನಾಲ್ಕು ಆರ್ಜಿನಿನ್ ಇವೆ, ಋಣ ಚಾರ್ಜ್ ಇರುವ ಆಮ್ಲ ಒಂದೂ ಇಲ್ಲ. ಮೈಟೊಕಾಂಡ್ರಿಯಾದ ಒಳಪೊರೆಯ ಒಳಬದಿ ಋಣ ಚಾರ್ಜ್‌ನಲ್ಲಿ ಇರುತ್ತದೆ, ಧನ ಚಾರ್ಜ್‌ನ ಲೀಡರನ್ನು ಅದು ಒಳಗೆ ಎಳೆಯುತ್ತದೆ. ಒಳಗೆ ಎರಡು ಸಲ ಕತ್ತರಿ ಬೀಳುತ್ತದೆ, ಮೊದಲು 24, ಆಮೇಲೆ ಉಳಿದ 8. ಕೊನೆಗೆ ಉಳಿಯುವುದು 36 ಕಿಲೋಡಾಲ್ಟನ್‌ನದು. 40 ಅಂದರೆ ಹೊರಗೆ, 36 ಅಂದರೆ ಒಳಗೆ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದ್ದೆಲ್ಲ ಅರ್ಥವಾಗುತ್ತದೆ.

ಮೊದಲ ಎಡವಟ್ಟು ನವೆಂಬರ್‌ನದು, ಅದನ್ನು ಬೇಗ ಮುಗಿಸುತ್ತೇನೆ. ಲ್ಯಾಬ್‌ನಲ್ಲಿ ಮುಂಚಿನ ಬ್ಯಾಚ್‌ನವರು ಬಿಟ್ಟುಹೋದ ಪಿಯೆಸ್2/ಎನ್‌ಟಿ ಪ್ಲಾಸ್ಮಿಡ್ ಇತ್ತು. ಗ್ಯಾಲಕ್ಟೋಸ್ ಸಕ್ಕರೆ ಕೊಟ್ಟಾಗ ಚಾಲೂ ಆಗುವ ಗ್ಯಾಲ್1 ಪ್ರೊಮೋಟರ್ (ಜೀನ್‌ನ ಸ್ವಿಚ್), ಪ್ಲಾಸ್ಮಿಡ್ ಹೊತ್ತ ಯೀಸ್ಟನ್ನು ಆರಿಸಲು ಯುರಾ3 ಗುರುತು, ಎಲ್ಲ ಸರಿ. ಆದರೆ ಅದು ಪ್ರೋಟೀನ್‌ನ ಮುಂದುಗಡೆ ಪತ್ತೆ ಹಚ್ಚಲು ಹಿಸ್ಟಿಡಿನ್ ಟ್ಯಾಗ್ ಅನ್ನುವ ಸಣ್ಣ ತುಣುಕು ಸೇರಿಸುವ ಮಾದರಿ. ಮೈಟೊಕಾಂಡ್ರಿಯಾದ ಪ್ರೋಟೀನ್‌ಗೆ ಮುಂದೆ ಟ್ಯಾಗ್ ಕಟ್ಟಿದರೆ ಲೀಡರ್ ಮುಚ್ಚಿಹೋಗುತ್ತದೆ ಅಲ್ವಾ? ಬ್ಲಾಟ್‌ನಲ್ಲಿ, ಅಂದರೆ ಆಂಟಿಬಾಡಿಯಿಂದ ಪ್ರೋಟೀನ್ ಬ್ಯಾಂಡ್ ತೋರಿಸುವ ಪರೀಕ್ಷೆಯಲ್ಲಿ, ದಪ್ಪ ಬ್ಯಾಂಡ್ ಬಂತು, 40ಕ್ಕಿಂತ ಮೇಲೆಯೇ ನಿಂತಿತ್ತು, ಕಿಣ್ವದ ಕೆಲಸ ಖಾಲಿ ಪ್ಲಾಸ್ಮಿಡ್‌ನಷ್ಟೇ. ಪ್ಲಾಸ್ಮಿಡ್ ನಕ್ಷೆ ಬಿಡಿಸಿ ನೋಡಿದ ಗೈಡ್ ಮೇಡಂ ಅವತ್ತೇ ಹಿಡಿದರು. ಟ್ಯಾಗೇ ಬೇಡ ಅಂತ ತೆಗೆದು, ಓಟಿಸಿಯನ್ನೇ ಗುರುತಿಸುವ ಆಂಟಿಬಾಡಿ ತರಿಸಿದರು. ದುಬಾರಿ, ಆದರೆ ದುಡ್ಡಿಗೆ ಮೋಸ ಆಗಲಿಲ್ಲ. ಜನವರಿಯಲ್ಲಿ 36ರ ಜಾಗದಲ್ಲಿ ಒಂದೇ ಸ್ವಚ್ಛ ಬ್ಯಾಂಡ್.

ಕೆಲಸ ಅಳೆದ ಬಗೆಯನ್ನೂ ಹೇಳಬೇಕು. ಯೀಸ್ಟ್‌ಗೆ ತನ್ನದೇ ಒಂದು ಓಟಿಸಿ ಇದೆ, ಆರ್ಗ್3 ಜೀನ್‌ನದು. ಅದು ಇದ್ದರೆ ಮನುಷ್ಯನದ್ದು ಯಾವುದು, ಯೀಸ್ಟ್‌ನದ್ದು ಯಾವುದು ಅಂತ ತಿಳಿಯುವುದಿಲ್ಲ. ಅದಕ್ಕೇ ಆರ್ಗ್3 ಕಿತ್ತುಹಾಕಿದ ಬಿವೈ4741 ತಳಿ ಬಳಸಿದ್ದರು. ಗಾಜಿನ ಮಣಿಗಳ ಜೊತೆ ಯೀಸ್ಟ್ ಒಡೆದು, ಆ ರಸಕ್ಕೆ ಆರ್ನಿಥಿನ್, ಕಾರ್ಬಮೈಲ್ ಫಾಸ್ಫೇಟ್ ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುವುದು. ಆಮೇಲೆ ಆಸಿಡ್ ಹಾಕಿ ನಿಲ್ಲಿಸಿ, ಡೈಅಸಿಟೈಲ್ ಮೊನಾಕ್ಸೈಮ್ ಸೇರಿಸಿ ಕತ್ತಲಲ್ಲಿ ಕುದಿಸಿದರೆ ಸಿಟ್ರುಲಿನ್ ಇದ್ದಲ್ಲಿ ಬಣ್ಣ ಏಳುತ್ತದೆ, 490 ನ್ಯಾನೊಮೀಟರ್‌ನಲ್ಲಿ ಓದುವುದು. ಜನವರಿಯ ಟ್ಯೂಬ್‌ಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಖಾಲಿ ಪ್ಲಾಸ್ಮಿಡ್‌ನ ಟ್ಯೂಬ್ ನೀರಿನ ಹಾಗೇ ಇತ್ತು.

ಈಗ ಏಪ್ರಿಲ್. ಪರೀಕ್ಷೆ, ಹಬ್ಬ ಎಲ್ಲ ಮುಗಿಸಿಕೊಂಡು ಹುಡುಗಿ ಕೆಲಸಕ್ಕೆ ವಾಪಸ್ ಬಂದಳು. ಫ್ರಿಜ್‌ನಲ್ಲಿದ್ದ ಪ್ಲೇಟ್‌ನಿಂದ ಯೀಸ್ಟ್ ತೆಗೆದು ಹೊಸ ಪ್ಲೇಟ್ ಮೇಲೆ ಗೆರೆ ಎಳೆದಂತೆ ಸವರಿದಳು, ಬೆಳೆಸಿದಳು, ಗ್ಯಾಲಕ್ಟೋಸ್ ಕೊಟ್ಟಳು. ಬ್ಲಾಟ್‌ನಲ್ಲಿ ಎರಡು ಬ್ಯಾಂಡ್: 40ರಲ್ಲಿ ದಪ್ಪ, 36ರಲ್ಲಿ ತೆಳು. ಬಣ್ಣ ಜನವರಿಯ ಕಾಲು ಭಾಗವೂ ಇಲ್ಲ. ಇನ್ನೊಮ್ಮೆ ಮಾಡಿದರೆ ಇನ್ನೂ ಕಡಿಮೆ. "ಸರ್, ಮೊದ್ಲ ಚಂದ ಬರ್ತಿತ್ರಿ, ಈಗ ಬ್ಯಾಂಡ್ ಮ್ಯಾಲೇ ನಿಂತದ್ರಿ" ಅಂತ ಫೋನ್‌ನಲ್ಲಿ ಹೇಳಿದಳು. ಲೀಡರ್‌ನಲ್ಲಿ ಮ್ಯುಟೇಷನ್ ಬಂದಿರಬೇಕು ಅಂತ ಅವಳ ಊಹೆ. ಕೆಟ್ಟ ಊಹೆ ಅಲ್ಲ. 23ನೇ ಜಾಗದ ಆರ್ಜಿನಿನ್ ಒಂದು ಹೋದರೂ ಓಟಿಸಿ ಒಳಗೆ ಹೋಗಲು ಒದ್ದಾಡುತ್ತದೆ. ಆದರೆ ಪ್ಲಾಸ್ಮಿಡ್ ವಾಪಸ್ ತೆಗೆದು ಸೀಕ್ವೆನ್ಸ್ ಮಾಡಿಸಿದರೆ ಒಂದಕ್ಷರವೂ ಬದಲಾಗಿರಲಿಲ್ಲ.

ಜೀನ್ ಸರಿ ಇದೆ, ಪ್ರೋಟೀನ್ ತಯಾರಾಗುತ್ತಿದೆ, ಒಳಗೆ ಮಾತ್ರ ಹೋಗುತ್ತಿಲ್ಲ. ಹಾಗಾದರೆ ಅನುಮಾನ ಪಡಬೇಕಾದದ್ದು ಓಟಿಸಿ ಮೇಲಲ್ಲ, ಯೀಸ್ಟ್‌ನ ಮೈಟೊಕಾಂಡ್ರಿಯಾದ ಮೇಲೆ. ಇಷ್ಟು ಸರಳ ಮಾತನ್ನು ಲ್ಯಾಬ್‌ಗಳಲ್ಲಿ ಯಾಕೋ ಕೊನೆಗೆ ಯೋಚಿಸುತ್ತಾರೆ. ಹಾಕಿದ ಜೀನ್ ಬಗ್ಗೆ ಇರುವ ಕಾಳಜಿ ಹೊತ್ತುಕೊಂಡ ಜೀವದ ಬಗ್ಗೆ ಇರುವುದಿಲ್ಲ.

ಅವಳ ನೋಟ್‌ಬುಕ್‌ನಲ್ಲಿ ಒಂದು ಸಾಲು ಸಿಕ್ಕಿತು: "ಕಾಲನಿ ಸಣ್ಣ, ಟಾಕ್ಸಿಕ್ ಇರಬಹುದು." ಅಂದರೆ ಮನುಷ್ಯನ ಪ್ರೋಟೀನ್ ಯೀಸ್ಟ್‌ಗೆ ಆಗಿಬರುತ್ತಿಲ್ಲ, ಅದಕ್ಕೇ ಕಾಲನಿ, ಅಂದರೆ ಪ್ಲೇಟ್ ಮೇಲಿನ ಯೀಸ್ಟ್ ಚುಕ್ಕೆ, ಚಿಕ್ಕದಾಗಿದೆ ಅನ್ನುವ ಅರ್ಥ. ಅದರ ಕೆಳಗೇ ಇನ್ನೊಂದು ಸಾಲು, ಸಣ್ಣ ಕಾಲನಿಯನ್ನೇ ಆರಿಸಿಕೊಂಡೆ ಅಂತ. ಜಾಸ್ತಿ ಪ್ರೋಟೀನ್ ಮಾಡುವ ಕಾಲನಿ ಸಣ್ಣಗಿರುತ್ತದೆ, ಅದನ್ನೇ ತಗೋ ಅಂತ ಸೀನಿಯರ್ ಒಬ್ಬರು ಹೇಳಿದ್ದರಂತೆ. ಈ ಮಾತು ಬಹಳ ಲ್ಯಾಬ್‌ಗಳಲ್ಲಿ ಓಡಾಡುತ್ತದೆ, ಕೆಲವೊಮ್ಮೆ ನಿಜವೂ ಹೌದು. ಆದರೆ ಖಾಲಿ ಪ್ಲಾಸ್ಮಿಡ್‌ನ ಪ್ಲೇಟ್ ತೋರಿಸು ಅಂದೆ. ಅದರಲ್ಲೂ ಕಾಲನಿ ಸಣ್ಣ! ಅದರಲ್ಲಿ ಓಟಿಸಿನೇ ಇಲ್ಲ, ಟಾಕ್ಸಿಕ್ ಆಗಲು ಏನಿದೆ? ಅದೂ ಅಲ್ಲದೆ ಆ ಪ್ಲೇಟ್ ಗ್ಲೂಕೋಸ್‌ನದು, ಗ್ಲೂಕೋಸ್ ಇದ್ದಾಗ ಗ್ಯಾಲ್1 ಬಂದ್ ಇರುತ್ತದೆ, ಪ್ರೋಟೀನ್ ತಯಾರಾಗುವುದೇ ಇಲ್ಲ.

ಉಸಿರಾಟ ಕಳೆದುಕೊಂಡ ಯೀಸ್ಟ್ ಹೀಗೆ ಸಣ್ಣ ಕಾಲನಿ ಕಟ್ಟುತ್ತದೆ. ಪೆಟೀಟ್ ಅಂತಾರೆ. 1949ರಲ್ಲಿ ಪ್ಯಾರಿಸ್‌ನಲ್ಲಿ ಬೋರಿಸ್ ಎಫ್ರುಸಿ ಇದನ್ನು ವಿವರಿಸಿದರು. ಮೈಟೊಕಾಂಡ್ರಿಯಾದೊಳಗಿನ ಡಿಎನ್‌ಎ ಹರಿದುಹೋಗಿರುತ್ತದೆ ಇಲ್ಲಾ ಪೂರ್ತಿ ಕಳೆದುಹೋಗಿರುತ್ತದೆ. ಯೀಸ್ಟ್ ಸಾಯುವುದಿಲ್ಲ, ಸಕ್ಕರೆ ಹುಳಿಸಿಕೊಂಡು ನಿಧಾನಕ್ಕೆ ಬದುಕುತ್ತದೆ. ಮೈಟೊಕಾಂಡ್ರಿಯಾವೂ ಮಾಯವಾಗುವುದಿಲ್ಲ, ಆದರೆ ಒಳಪೊರೆಯ ಚಾರ್ಜ್ ಇಳಿದಿರುತ್ತದೆ. ಉಸಿರಾಟದ ಸರಣಿ ಇಲ್ಲದ್ದರಿಂದ ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಸ್ವಲ್ಪ ಚಾರ್ಜ್ ಉಳಿಸಿಕೊಳ್ಳುತ್ತದೆ, ಅಷ್ಟೇ. ಅದಕ್ಕೇ 36ರ ತೆಳು ಬ್ಯಾಂಡ್. ಸ್ವಲ್ಪ ಓಟಿಸಿ ಒಳಗೆ ಹೋಗುತ್ತಿತ್ತು, ಬಹುಪಾಲು ಹೊರಗೇ ಉಳಿಯುತ್ತಿತ್ತು.

ಅನುಮಾನ ಸರಿಯೋ ತಪ್ಪೋ ನೋಡಲು ಗ್ಲಿಸರಾಲ್ ಪ್ಲೇಟ್ ಸಾಕು. ಸಕ್ಕರೆಯ ಬದಲು 3 ಶೇಕಡಾ ಗ್ಲಿಸರಾಲ್ ಹಾಕಿದ ಪ್ಲೇಟ್‌ನಲ್ಲಿ ಉಸಿರಾಡುವ ಯೀಸ್ಟ್ ಮಾತ್ರ ಬೆಳೆಯುತ್ತದೆ. ಖರ್ಚು ಏನೇನೂ ಇಲ್ಲ. ಆದರೆ ಎರಡು ಮೂರು ದಿನ ಕಾಯಬೇಕು, ಹುಡುಗಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ಟಿಟಿಸಿ ಅನ್ನುವ ಪುಡಿ ಇದ್ದರೆ ಇವತ್ತೇ ಗೊತ್ತಾಗುತ್ತದೆ ಅಂದೆ. ಲ್ಯಾಬ್‌ನಲ್ಲಿ ಇರಲಿಲ್ಲ. ಅವಳ ಗೆಳತಿ ಕೃಷಿ ಓದುತ್ತಿದ್ದಳು. ಬೀಜ ಪರೀಕ್ಷೆ ಮಾಡುವವರ ಹತ್ತಿರ ಟಿಟಿಸಿ ಇದ್ದೇ ಇರುತ್ತದೆ. ತೊಗರಿ ಬೀಜವನ್ನು ನೆನೆಸಿ, ಸೀಳಿ, ಆ ದ್ರಾವಣದಲ್ಲಿ ಇಟ್ಟರೆ ಜೀವ ಇರುವ ಮೊಳಕೆ ಭಾಗ ಕೆಂಪಾಗುತ್ತದೆ, ಸತ್ತದ್ದು ಬಿಳಿಯೇ ಉಳಿಯುತ್ತದೆ. ತೊಗರಿಯ ನಾಡಿನಲ್ಲಿ ಇದಕ್ಕೆ ಬರವೇನು? ಸಣ್ಣ ಶೀಶೆಯಲ್ಲಿ ಸ್ವಲ್ಪ ಪುಡಿ ಬಂತು. ಯೀಸ್ಟ್‌ನಲ್ಲೂ ಇದೇ ರಸಾಯನ: ಉಸಿರಾಟ ನಡೆದಿದ್ದರೆ ಬಣ್ಣವಿಲ್ಲದ ಟಿಟಿಸಿ ಕೆಂಪು ಫಾರ್ಮಜಾನ್ ಆಗುತ್ತದೆ.

ಕರಗಿದ ಅಗರ್‌ಗೆ ಟಿಟಿಸಿ ಸೇರಿಸಿ, ಕೈಗೆ ಉಗುರುಬೆಚ್ಚಗೆ ಅನ್ನಿಸುವಷ್ಟು ಆರಿಸಿ, ಕಾಲನಿಗಳು ಕದಡದ ಹಾಗೆ ಪ್ಲೇಟ್‌ನ ಅಂಚಿನಿಂದ ಮೆಲ್ಲಗೆ ಸುರಿದಳು. ಎರಡು ಪ್ಲೇಟ್: ಒಂದು ಏಪ್ರಿಲ್‌ನದು, ಇನ್ನೊಂದು ಜನವರಿಯಲ್ಲಿ ಮೈನಸ್ 80ರಲ್ಲಿ ಇಟ್ಟ ಸ್ಟಾಕ್‌ನಿಂದ ಎಳೆದು ಎಸಿ ಕೋಣೆಯಲ್ಲಿ ಬೆಳೆಸಿದ್ದು. ಚಹಾ ಕುಡಿದು ಬರುವಷ್ಟರಲ್ಲಿ ಜನವರಿಯ ಕಾಲನಿಗಳು ತಿಳಿಗುಲಾಬಿ ಆಗಿ ಗಾಢ ಕೆಂಪಿನ ಕಡೆ ಹೊರಟಿದ್ದವು. ಏಪ್ರಿಲ್‌ನ ಪ್ಲೇಟ್‌ನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ, ಉಳಿದದ್ದೆಲ್ಲ ಬಿಳಿ. ಹುಡುಗಿ ಪ್ಲೇಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡಿದಳು. ಗ್ಲಿಸರಾಲ್ ಪ್ಲೇಟೂ ಆಮೇಲೆ ಅದನ್ನೇ ಹೇಳಿತು.

ಪೆಟೀಟ್ ಆಗಿದೆ ಸರಿ, ಯಾಕೆ ಆಯ್ತು? ಉತ್ತರ ಕೊಟ್ಟವರು ಲ್ಯಾಬ್ ಅಟೆಂಡರ್ ಕಾಕಾ. ಶೇಕರ್ ಇನ್‌ಕ್ಯುಬೇಟರ್ 30 ಡಿಗ್ರಿಗೆ ಸೆಟ್ ಇದೆ ಅಂತ ನಾವೆಲ್ಲ ಹೇಳುತ್ತಿದ್ದೆವು. ಕಾಕಾ ನಕ್ಕು, "ತಂಗಿ, ಈ ಡಬ್ಬಿ ಕಾಯಸ್ತದ, ತಣ್ಣಗ ಮಾಡಂಗಿಲ್ಲ" ಅಂದರು. ನೂರಕ್ಕೆ ನೂರು ನಿಜ. ಅದರಲ್ಲಿ ಹೀಟರ್ ಇದೆ, ಕಂಪ್ರೆಸರ್ ಇಲ್ಲ. ಕೋಣೆ 30ಕ್ಕಿಂತ ತಂಪಿದ್ದರೆ 30ಕ್ಕೆ ಏರಿಸಿ ನಿಲ್ಲಿಸುತ್ತದೆ. ಕೋಣೆಯೇ 38 ಇದ್ದರೆ ಅದೇನು ಮಾಡುತ್ತದೆ? ಮೋಟಾರ್‌ನ ಬಿಸಿ ಬೇರೆ ಸೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ದಾಟುವುದು ಯಾರಿಗೂ ಹೊಸದಲ್ಲ. ಮಧ್ಯಾಹ್ನ ಕರೆಂಟ್ ಹೋದರೆ ಫ್ಯಾನೂ ನಿಲ್ಲುತ್ತದೆ, ಶೇಕರ್ ನಿಂತು ಫ್ಲಾಸ್ಕ್‌ಗೆ ಗಾಳಿಯೂ ಸಿಗುವುದಿಲ್ಲ. ನೀರು ತುಂಬಿದ ಫ್ಲಾಸ್ಕ್‌ನಲ್ಲಿ ಗರಿಷ್ಠ ಉಷ್ಣತೆ ಹಿಡಿದಿಡುವ ಥರ್ಮಾಮೀಟರ್ ಇಟ್ಟು ನೋಡಿದರು, ಸಂಜೆಗೆ 39 ತೋರಿಸಿತು.

ಬಿಸಿಗೆ ಪೆಟೀಟ್‌ಗಳು ಹೆಚ್ಚುತ್ತವೆ ಅನ್ನುವುದು ಹಳೇ ವಿಷಯ, 1959ರಲ್ಲೇ ಫ್ರೆಡ್ ಶೆರ್ಮನ್ ತೋರಿಸಿದ್ದರು. ಅದರ ಮೇಲೆ ಬಿವೈ4741ರ ವಂಶಕ್ಕೇ ಒಂದು ದೌರ್ಬಲ್ಯ ಇದೆ. ಮೈಟೊಕಾಂಡ್ರಿಯಾದ ಡಿಎನ್‌ಎ ನಕಲು ಮಾಡುವ ಕಿಣ್ವದ ಜೀನ್‌ನಲ್ಲಿ, ಅಂದರೆ ಎಂಐಪಿ1ರಲ್ಲಿ, ಈ ವಂಶದ್ದು ಸ್ವಲ್ಪ ಸೋಮಾರಿ ರೂಪ. ಸುಮ್ನೆ ಇಟ್ಟರೂ ಬೇರೆ ತಳಿಗಳಿಗಿಂತ ಜಾಸ್ತಿ ಪೆಟೀಟ್ ಕೊಡುತ್ತದೆ. ಬಿಸಿ, ಬಲಹೀನ ತಳಿ, ಸಣ್ಣ ಕಾಲನಿಯನ್ನೇ ಆರಿಸುವ ಕೈ, ಮೂರೂ ಸೇರಿದವು. ಅರಿವಿಲ್ಲದೇ ಪೆಟೀಟ್‌ಗಳನ್ನೇ ಆರಿಸಿ ಆರಿಸಿ ಬೆಳೆಸಿದಂತಾಯಿತು. ಪ್ರತಿ ಸಲ ಗೆರೆ ಎಳೆದಾಗಲೂ ಫಲಿತಾಂಶ ಕೆಡುತ್ತಾ ಹೋದದ್ದು ಅದಕ್ಕೇ.

ನನಗೆ ಇನ್ನೊಂದು ಕಂಟ್ರೋಲ್ ಬೇಕಿತ್ತು. ಚಾರ್ಜ್ ಇಳಿದದ್ದರಿಂದಲೇ 40ರ ಬ್ಯಾಂಡ್ ಬಂತು ಅನ್ನುವುದು ನಮ್ಮ ವಾದ, ಅದನ್ನು ತೋರಿಸಬೇಡವೇ? ಆರೋಗ್ಯವಾಗಿರುವ ಜನವರಿಯ ಯೀಸ್ಟ್‌ಗೆ ಗ್ಯಾಲಕ್ಟೋಸ್ ಕೊಟ್ಟು, ಓಟಿಸಿ ಬರಲು ಶುರುವಾದ ಮೇಲೆ ಅರ್ಧ ಕಲ್ಚರ್‌ಗೆ ಸಿಸಿಸಿಪಿ ಹಾಕಿಸಿದೆ. ಪೊರೆಯ ಚಾರ್ಜನ್ನೇ ಬಸಿದುಬಿಡುವ ರಾಸಾಯನಿಕ ಅದು, ವಿಷ, ಗ್ಲೋವ್ಸ್ ಇಲ್ಲದೆ ಮುಟ್ಟಬಾರದು. ಹಾಕಿದ ಕಡೆ 40ರ ಬ್ಯಾಂಡ್ ಕಾಣಿಸಿಕೊಂಡಿತು, ಹಾಕದ ಕಡೆ 36 ಮಾತ್ರ. ಏಪ್ರಿಲ್‌ನ ಬ್ಲಾಟನ್ನು ಪಕ್ಕದಲ್ಲಿ ಇಟ್ಟರೆ ಅಣ್ಣ ತಮ್ಮಂದಿರಂತೆ ಇದ್ದವು. ಗೈಡ್ ಮೇಡಂಗೆ ಆಮೇಲೇ ಪೂರ್ತಿ ಒಪ್ಪಿಗೆಯಾದದ್ದು. ಅವರು ಮೊದಲಿಂದಲೂ, "ಪೆಟೀಟ್ ಅದಾವ ಅಂದ್ರ ಅದೇ ಕಾರಣ ಅಂತ ಹೆಂಗ್ ಹೇಳ್ತೀರಿ?" ಅಂತ ಪಟ್ಟು ಹಿಡಿದಿದ್ದರು. ಅವರ ಪಟ್ಟು ಸರಿಯೇ ಇತ್ತು.

ಇನ್ನು ಸರಿಪಡಿಸುವ ಮಾತು. ಪೆಟೀಟ್ ಒಮ್ಮೆ ಆದರೆ ತಂಪು ಮಾಡಿದರೂ ವಾಪಸ್ ಬರುವುದಿಲ್ಲ, ಡಿಎನ್‌ಎ ಹೋಗಿದ್ದು ಹೋದದ್ದೇ. ಏಪ್ರಿಲ್‌ನ ಎಲ್ಲ ಪ್ಲೇಟ್ ಆಟೋಕ್ಲೇವ್ ಮಾಡಿ ಎಸೆದರು. ಮೈನಸ್ 80ರ ಸ್ಟಾಕ್‌ನಿಂದ ಶುರು ಮಾಡಿ, ಗ್ಲಿಸರಾಲ್‌ನಲ್ಲಿ ಬೆಳೆದ ಕಾಲನಿಯಿಂದ ಮಾತ್ರ ಮುಂದಕ್ಕೆ ಹೋದರು. ಶೇಕರ್‌ಗೆ ಮೊದಲು ಕೂಲರ್ ತಂದಿಟ್ಟರು, ನಮ್ಮ ಕಡೆ ಮನೆಮನೆಗೂ ಇರುವಂಥದ್ದೇ. ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಕೋಣೆ ತಂಪಾಯಿತು, ಆದರೆ ಆ ಹಸಿ ಗಾಳಿಯ ಜೊತೆ ಬೂಷ್ಟೂ ಬಂತು. ಪ್ಲೇಟ್‌ಗಳ ಮೇಲೆ ಕಪ್ಪು ಹಸಿರು ಬೂಷ್ಟು ಎದ್ದ ಮೇಲೆ ಕೂಲರ್ ಹೊರಗೆ ಹೋಯಿತು. ಎಸಿ ಇರುವ ಉಪಕರಣಗಳ ಕೋಣೆಗೆ ಶೇಕರ್ ಸಾಗಿಸಲು ಜಾಗ ಇರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಗಡಿಯಾರ: ಹಗಲಲ್ಲಿ ಯೀಸ್ಟನ್ನು ಎಸಿ ಕೋಣೆಯ ಮೂಲೆಯಲ್ಲಿ ಸಣ್ಣ ಕಲ್ಚರ್ ಆಗಿ ರಾಫಿನೋಸ್ ಅನ್ನುವ ಸಕ್ಕರೆಯಲ್ಲಿ ಬೆಳೆಸುವುದು, ರಾತ್ರಿ ತಂಪಾದ ಮೇಲೆ ದೊಡ್ಡ ಫ್ಲಾಸ್ಕ್‌ಗೆ ಗ್ಯಾಲಕ್ಟೋಸ್ ಕೊಟ್ಟು ಶೇಕರ್‌ಗೆ ಹಾಕುವುದು, ಬೆಳಗ್ಗೆ ಬಿಸಿಲು ಏರುವ ಮುಂಚೆ ತೆಗೆದು ಸೆಂಟ್ರಿಫ್ಯೂಜ್ ಮಾಡುವುದು. ರಾಫಿನೋಸ್ ಯಾಕೆಂದರೆ ಅದು ಗ್ಯಾಲ್1ನ್ನು ಬಂದ್ ಮಾಡುವುದಿಲ್ಲ, ಗ್ಯಾಲಕ್ಟೋಸ್ ಕೊಟ್ಟ ಕೂಡಲೇ ಚಾಲೂ ಆಗುತ್ತದೆ. ಗ್ಲೂಕೋಸ್‌ನಿಂದ ನೇರ ಬಂದರೆ ರಾತ್ರಿಯ ಅರ್ಧ ಹೊತ್ತು ಕಾಯುವುದರಲ್ಲೇ ಹೋಗುತ್ತದೆ.

ಹಾಸ್ಟೆಲ್ ವಾರ್ಡನ್ ಅನುಮತಿ, ಬೆಳಗಿನ ಜಾವ ಲ್ಯಾಬ್ ಬಾಗಿಲು ತೆಗೆಯಲು ಕಾಕಾ, ಇವನ್ನೆಲ್ಲ ಹೊಂದಿಸಿದ್ದು ಪ್ರಯೋಗಕ್ಕಿಂತ ಕಷ್ಟದ ಕೆಲಸ. ಆ ಕಥೆ ಬೇಡ.

ಮೇ ತಿಂಗಳ ಬ್ಲಾಟ್‌ನಲ್ಲಿ 36 ವಾಪಸ್ ಬಂತು, ಟ್ಯೂಬ್ ಮತ್ತೆ ಕಿತ್ತಳೆ ಆಯಿತು. ಪ್ರತಿ ಕಲ್ಚರ್‌ನಿಂದ ಸ್ವಲ್ಪ ತೆಗೆದು ಟಿಟಿಸಿ ಹಾಕಿ ನೋಡಿ, ಬಿಳಿ ಕಾಲನಿ ಜಾಸ್ತಿ ಕಂಡರೆ ಆ ಬ್ಯಾಚ್ ಬಿಡುವುದು ಅಂತ ನಿಯಮ ಮಾಡಿಕೊಂಡರು. 141ನೇ ಜಾಗ ಬದಲಾದ ಓಟಿಸಿಯನ್ನೂ ಆಗಲೇ ಮಾಡಿದ್ದು. ಅದರ ಬ್ಯಾಂಡ್ ಕೂಡ 36ರಲ್ಲೇ, ದಪ್ಪವಾಗಿ. ಬಣ್ಣ ಮಾತ್ರ ಏಳಲಿಲ್ಲ. ಒಳಗೆ ಹೋಗಿದೆ, ಕತ್ತರಿಯೂ ಬಿದ್ದಿದೆ, ಕೆಲಸ ಇಲ್ಲ. ಏಪ್ರಿಲ್‌ನ ಗೊಂದಲದಲ್ಲೇ ಇದನ್ನು ಮಾಡಿದ್ದರೆ ಎರಡು ಓಟಿಸಿಗಳ ನಡುವೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ, ಎರಡೂ ಕೆಟ್ಟವು ಅಂತ ಬರೆದು ಮುಗಿಸುತ್ತಿದ್ದರು.

ವೈವಾದಲ್ಲಿ ಹೊರಗಿನ ಪರೀಕ್ಷಕರು ಒಳ್ಳೆ ಪ್ರಶ್ನೆ ಕೇಳಿದರಂತೆ: ಆರ್ಜಿನಿನ್ ಇಲ್ಲದ ಪ್ಲೇಟ್‌ನಲ್ಲಿ ಬೆಳೆಸಿ ನೋಡಬಹುದಿತ್ತಲ್ಲ, ಕಿಣ್ವ ಕೆಲಸ ಮಾಡಿದರೆ ಯೀಸ್ಟ್ ತನಗೆ ಬೇಕಾದ ಆರ್ಜಿನಿನ್ ತಾನೇ ಮಾಡಿಕೊಂಡು ಬೆಳೆಯುತ್ತಿತ್ತು, ಇಷ್ಟೆಲ್ಲ ಬಣ್ಣ ಅಳೆಯುವುದು ಯಾಕೆ? 2023ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಓಟಿಸಿಯ 1570 ಬದಲಾವಣೆಗಳನ್ನು ಯೀಸ್ಟ್‌ನ ಬೆಳವಣಿಗೆಯಿಂದಲೇ ಅಳೆದಿದ್ದಾರೆ ಕೂಡ. ಆದರೆ ಇಲ್ಲೊಂದು ತೊಡಕಿದೆ. ನಮ್ಮ ದೇಹದಲ್ಲಿ ಈ ಹೆಜ್ಜೆ ನಡೆಯುವುದು ಮೈಟೊಕಾಂಡ್ರಿಯಾದೊಳಗೆ, ಯೀಸ್ಟ್‌ನಲ್ಲಿ ಹೊರಗೆ, ಸೈಟೊಪ್ಲಾಸಂನಲ್ಲಿ. ಕಾರ್ಬಮೈಲ್ ಫಾಸ್ಫೇಟ್ ತಯಾರಾಗುವುದೂ ಅಲ್ಲೇ. ಓಟಿಸಿ ಲೀಡರ್ ಹೊತ್ತುಕೊಂಡು ಒಳಗೆ ಹೋಗಿ ಕೂತರೆ ತನಗೆ ಬೇಕಾದ ಸಾಮಾನಿನಿಂದ ದೂರ ಹೋದಂತೆ. ಬೆಳವಣಿಗೆಯ ಪರೀಕ್ಷೆ ಮಾಡಬೇಕೆಂದರೆ ಮೊದಲ 32 ಅಮೈನೊ ಆಮ್ಲ ತೆಗೆದು, 33ರ ಮುಂದೆ ಪ್ರೋಟೀನ್ ಇಲ್ಲಿಂದ ಶುರು ಅನ್ನುವ ಒಂದು ಎಟಿಜಿ ಇಟ್ಟು, ಕಿಣ್ವವನ್ನು ಹೊರಗೇ ಉಳಿಸಬೇಕು. ಆಗ ಪೆಟೀಟ್ ಕಾಟವೂ ಅರ್ಧ ಕಡಿಮೆ. ಮುಂದಿನ ಬ್ಯಾಚ್‌ನ ಹುಡುಗ ಬೀದರ್‌ನವನು, ಅದಕ್ಕೆ ಬೇಕಾದ ಸಣ್ಣ ಡಿಎನ್‌ಎ ತುಣುಕುಗಳಿಗೆ, ಅಂದರೆ ಪ್ರೈಮರ್‌ಗಳಿಗೆ, ಆರ್ಡರ್ ಹಾಕಿದ್ದಾನೆ.